ಮರಳಿಗೆ ಮೂರು ವಾರ, ನೊರೆಗೆ ಎರಡು ತಿಂಗಳು

ನಾನು ತುಮಕೂರಿನ ಎಪಿಎಂಸಿ ಪ್ರಾಂಗಣದ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುವವನು. ಹನ್ನೆರಡು ವರ್ಷಗಳಿಂದ ಮನೆಯಲ್ಲಿ ಸಿಹಿನೀರಿನ ಮೀನು ಸಾಕುತ್ತಿದ್ದೇನೆ. ಉಪ್ಪುನೀರಿನ ತೊಟ್ಟಿಯೊಂದನ್ನು ಕಟ್ಟಬೇಕೆಂಬ ಆಸೆ ಅಷ್ಟೇ ಹಳೆಯದಾದರೂ, ಸಮುದ್ರದಿಂದ ಮುನ್ನೂರು ಕಿಲೋಮೀಟರ್ ದೂರವಿರುವ ಈ ಊರಿನಲ್ಲಿ, ತಿಂಗಳ ಸಂಬಳದವನಿಗೆ ಅದು ಹೇಳಿದ್ದಲ್ಲವೆಂದು ಸುಮ್ಮನಿದ್ದೆ. ಕಳೆದ ಡಿಸೆಂಬರಿನಲ್ಲಿ ಒಂದು ಚೀಟಿ ಹಣ ಕೈಸೇರಿದಾಗ, ಅದರಲ್ಲಿ 30,000 ರೂಪಾಯಿಯನ್ನು ಇದಕ್ಕೆಂದೇ ತೆಗೆದಿಟ್ಟು, ಒಂದು ಹೊಸ ನೋಟ್‌ಬುಕ್ಕಿನಲ್ಲಿ ಖರ್ಚಿನ ಪಟ್ಟಿ ಬರೆಯಲು ಕುಳಿತೆ.

ಗಾಜಿನ ತೊಟ್ಟಿ, ಕಬ್ಬಿಣದ ಸ್ಟ್ಯಾಂಡು, ತೊಟ್ಟಿಯ ಕೆಳಗಿಡುವ ಸಂಪು, ನೀರನ್ನು ಮೇಲಕ್ಕೆ ಎತ್ತುವ ಪಂಪು, ಅಲೆ ಎಬ್ಬಿಸುವ ವೇವ್‌ಮೇಕರ್, ದೀಪ, ಸೆರಾಮಿಕ್ ಬಂಡೆ, ಸಮುದ್ರದ ಉಪ್ಪಿನ ಮಿಶ್ರಣ, ಉಪ್ಪಿನ ಅಂಶ ಅಳೆಯುವ ರಿಫ್ರಾಕ್ಟೋಮೀಟರ್, ಪರೀಕ್ಷಾ ಕಿಟ್ಟು ಎಂದು ಒಂದೊಂದನ್ನೇ ಬರೆದು ಕೂಡಿದಾಗ 21,000 ದಾಟಿತು. ಸಂಪು ಎಂದರೆ ನಮ್ಮಲ್ಲಿ ಮನೆಯ ಮುಂದೆ ನೆಲದಡಿ ಕಟ್ಟುವ ನೀರಿನ ತೊಟ್ಟಿಯೆಂದೇ ಅರ್ಥವಾಗುವುದರಿಂದ ಮೊದಲೇ ಹೇಳಿಬಿಡುತ್ತೇನೆ: ಇಲ್ಲಿ ಸಂಪು ಎಂದರೆ ಶೋಧಕ ಸಾಮಗ್ರಿಗಳನ್ನೆಲ್ಲ ಇಡಲು ಮುಖ್ಯ ತೊಟ್ಟಿಯ ಕೆಳಗೆ ಇರಿಸುವ ಎರಡನೆಯ ಸಣ್ಣ ಗಾಜಿನ ತೊಟ್ಟಿ. ಕೊನೆಗೆ ಉಳಿದ ಬಾಬತ್ತುಗಳು ಎರಡೇ, ಮರಳು ಮತ್ತು ನೀರಿನ ಹೊಲಸನ್ನು ನೊರೆಯಾಗಿ ಎತ್ತಿ ಹೊರಹಾಕುವ ಪ್ರೋಟೀನ್ ಸ್ಕಿಮ್ಮರ್. ಉಳಿದ ಹಣ ಸುಮಾರು 9,000. ಇವೆರಡರ ನಡುವೆ ಆ ಹಣವನ್ನು ಹೇಗೆ ಹಂಚಬೇಕೆಂಬುದೇ ಮುಂದಿನ ಕೆಲವು ತಿಂಗಳು ನನ್ನ ತಲೆಯನ್ನು ತಿಂದ ಪ್ರಶ್ನೆಯಾಯಿತು.

ಮೊದಲು ಮರಳಿನ ವಿಷಯ. ಉಪ್ಪುನೀರಿನ ತೊಟ್ಟಿಗೆ ಅರಾಗೊನೈಟ್ ಮರಳನ್ನೇ ಹಾಕಬೇಕೆಂದು ನಾನು ಕೇಳಿದವರೆಲ್ಲ ಹೇಳಿದರು. ಅರಾಗೊನೈಟ್ ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟಿನ ಒಂದು ರೂಪ. ಹವಳ ಮತ್ತು ಅನೇಕ ಚಿಪ್ಪುಜೀವಿಗಳು ತಮ್ಮ ಗೂಡನ್ನು ಕಟ್ಟಿಕೊಳ್ಳುವುದು ಇದರಿಂದಲೇ. ಇದು ನೀರಿನಲ್ಲಿ ಸ್ವಲ್ಪಸ್ವಲ್ಪವೇ ಕರಗಿ ಪಿಎಚ್, ಅಂದರೆ ನೀರಿನ ಆಮ್ಲ-ಕ್ಷಾರದ ಅಳತೆ, ಇಳಿಯದಂತೆ ತಡೆಯುತ್ತದೆ ಎಂಬುದು ಅವರ ವಾದ. ವಿದೇಶದಿಂದ ಬರುವ 9 ಕೆ.ಜಿ.ಯ ಒಂದು ಚೀಲಕ್ಕೆ ಬೆಂಗಳೂರಿನ ಅಂಗಡಿಯವರು 2,800 ರೂಪಾಯಿ ಹೇಳಿದರು. ನನ್ನ ತೊಟ್ಟಿ 36 ಅಂಗುಲ ಉದ್ದ, 15 ಅಂಗುಲ ಅಗಲ, 18 ಅಂಗುಲ ಎತ್ತರದ್ದು. ಅದರ ತಳದಲ್ಲಿ 4 ಸೆಂಟಿಮೀಟರ್ ದಪ್ಪಕ್ಕೆ ಹಾಸಲು ಸುಮಾರು 14 ಲೀಟರ್ ಮರಳು ಬೇಕಾಗುತ್ತದೆ, ಅಂದರೆ ಕಡಿಮೆಯೆಂದರೂ ಎರಡು ಚೀಲ. ಮರಳಿಗೇ 5,600 ಹೋದರೆ ಸ್ಕಿಮ್ಮರಿಗೆ ಉಳಿಯುವುದು 3,400.

ಹೀಗಾಗಿ ಅಗ್ಗದ ಮರಳನ್ನು ಹುಡುಕಲು ಹೊರಟೆ. ಪಕ್ಕದ ಮನೆಯಲ್ಲಿ ಗಾರೆ ಕೆಲಸ ನಡೆಯುತ್ತಿತ್ತು. ಅವರ ಬಾಗಿಲಲ್ಲಿ ಹೊಳೆಮರಳಿನ ಒಂದು ಸಣ್ಣ ಗುಡ್ಡೆಯೂ ಎಂ-ಸ್ಯಾಂಡಿನ ಒಂದು ದೊಡ್ಡ ಗುಡ್ಡೆಯೂ ಇದ್ದವು. ಜಯಮಂಗಲಿಯದೋ ಇನ್ನಾವ ಹೊಳೆಯದೋ, ಲಾರಿಯವರು ಬಾಯಿ ಬಿಡಲಿಲ್ಲ. ಎರಡರಿಂದಲೂ ಒಂದೊಂದು ಬೊಗಸೆ ಕೇಳಿ ತಂದೆ. ಕೆಟ್ಟುಹೋದ ಸ್ಪೀಕರಿನ ಅಯಸ್ಕಾಂತವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಒಣಗಿಸಿದ ಹೊಳೆಮರಳಿನ ಮೇಲೆ ನಿಧಾನವಾಗಿ ಆಡಿಸಿದಾಗ, ಕಪ್ಪು ಕಣಗಳು ಗಡ್ಡದ ಕೂದಲಿನಂತೆ ನೆಟ್ಟಗೆ ನಿಂತುಕೊಂಡವು. ಅದು ಕಬ್ಬಿಣದ ಅದಿರಿನ ಕಣ. ತೊಟ್ಟಿಯ ಗಾಜನ್ನು ಉಜ್ಜಲು ನಾವು ಬಳಸುವುದೇ ಅಯಸ್ಕಾಂತದ ಬ್ರಷ್ಷು. ಇಂಥ ಕಣ ಅದಕ್ಕೆ ಅಂಟಿಕೊಂಡರೆ ಗಾಜಿನ ಮೇಲೆ ಅಳಿಸಲಾಗದ ಗೀರು ಬೀಳುತ್ತದೆ. ಇನ್ನು ಎಂ-ಸ್ಯಾಂಡ್ ಎಂದರೆ ಕಲ್ಲುಕ್ವಾರಿಯಲ್ಲಿ ಗ್ರಾನೈಟ್ ಪುಡಿ ಮಾಡಿ ತೆಗೆದದ್ದು. ಅದನ್ನು ಹದಿನಾಲ್ಕು ಬಾರಿ ತೊಳೆದರೂ ಬಕೆಟ್ಟಿನ ನೀರು ಹಾಲಿನಂತೆಯೇ ಇತ್ತು; ಕಣಗಳ ಅಂಚು ಎಷ್ಟು ಹರಿತವಾಗಿತ್ತೆಂದರೆ ತೊಳೆದ ಮೇಲೆ ಅಂಗೈ ಚುರುಗುಟ್ಟುತ್ತಿತ್ತು. ಮರಳನ್ನು ಬಾಯಲ್ಲಿ ತುಂಬಿ ಕಿವಿರಿನಿಂದ ಸೋಸುವ ಗೋಬಿ ಮೀನುಗಳಿಗೆ ಇಂಥದ್ದನ್ನು ಹಾಕುವ ಮಾತೇ ಇಲ್ಲ.

ಮಲ್ಪೆಯಲ್ಲಿ ನೆಂಟರಿರುವ ಸಹೋದ್ಯೋಗಿಯೊಬ್ಬರು, "ಬೀಚಿಂದ ಎರಡು ಚೀಲ ತರಿಸಿಕೊಟ್ರಾಯ್ತು ಬಿಡಿ ಸಾರ್, ಸಮುದ್ರದ ಮೀನಿಗೆ ಸಮುದ್ರದ ಮರಳೇ ಸರಿ," ಎಂದರು. ಕೇಳಲು ಸರಿಯೆನ್ನಿಸುವ ಮಾತು. ಆದರೆ ನಮ್ಮ ಕರಾವಳಿಯ ಮರಳು ಬಹುಪಾಲು ಘಟ್ಟದ ಹೊಳೆಗಳು ಹೊತ್ತು ತಂದ ಬೆಣಚುಕಲ್ಲಿನ ಪುಡಿಯೇ ಹೊರತು ಹವಳದ ಪುಡಿಯಲ್ಲ. ಅದರ ಜೊತೆಗೆ ದೋಣಿಯ ಡೀಸೆಲ್ಲು, ಕೊಳೆತ ಜೀವಿಗಳು ಎಲ್ಲವೂ ಬರುತ್ತವೆ. ಕರಾವಳಿ ನಿಯಂತ್ರಣ ವಲಯದಲ್ಲಿ ಮರಳು ತೆಗೆಯುವುದಕ್ಕೆ ನಿರ್ಬಂಧವೂ ಇದೆ. ಅವರಿಗೆ ನೋವಾಗದಂತೆ ಬೇಡವೆಂದೆ.

ಆಗ ಬಂತು ಅಗ್ಗದ ಕೋರಲ್ ಸ್ಯಾಂಡಿನ ಆಸೆ. ಅಕ್ವೇರಿಯಂ ಅಂಗಡಿಯೊಂದರಲ್ಲಿ ಗೋಣಿಚೀಲದಿಂದ ಬಿಡಿಯಾಗಿ ತೂಗಿ ಕೊಡುತ್ತಿದ್ದ ಬಿಳಿಯ ಮರಳು ಕಿಲೋಗೆ 70 ರೂಪಾಯಿ. "ರಾಮೇಶ್ವರದ ಒರಿಜಿನಲ್ ಹವಳ ಸಾರ್," ಎಂದು ಅಂಗಡಿಯಾತ ಹೆಮ್ಮೆಯಿಂದ ಹೇಳಿದ. ಅವನ ಮಾತು ನಿಜವಾಗಿದ್ದರೆ ಅದು ಕಾನೂನಿಗೆ ವಿರುದ್ಧ: ದಿಬ್ಬ ಕಟ್ಟುವ ಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿವೆ. ಸುಳ್ಳಾಗಿದ್ದರೆ ನನ್ನ ಹಣಕ್ಕೆ ಮೋಸ. ಯಾವುದೆಂದು ತಿಳಿಯುವ ಕುತೂಹಲಕ್ಕೆ ಕಾಲು ಕಿಲೋ ತಂದೆ. ಅಡಿಕೆ ಮೂಟೆಯ ಮಾದರಿಯನ್ನು ಮೇಲಿನಿಂದ ತೆಗೆಯಬಾರದು, ನಡುವಿನಿಂದ ತೆಗೆಯಬೇಕು ಎಂಬುದು ಮಂಡಿಯಲ್ಲಿ ಕಲಿತ ಪಾಠ. ಇಲ್ಲಿಯೂ ಚೀಲದ ಒಳಗೆ ಕೈ ಹಾಕಿಸಿಯೇ ತೆಗೆಸಿದ್ದೆ.

ಮನೆಯ ಹಿತ್ತಿಲಿನಲ್ಲಿ, ಕೈಗವಸು ಹಾಕಿಕೊಂಡು, ಗಾಜಿನ ಲೋಟದಲ್ಲಿ ಒಂದು ಚಮಚ ಮರಳಿನ ಮೇಲೆ ಬಚ್ಚಲು ತೊಳೆಯುವ ಆಸಿಡ್ಡನ್ನು ಹನಿಹನಿಯಾಗಿ ಹಾಕಿದೆ. ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿದ್ದರೆ ಬುಸ್ಸೆಂದು ನೊರೆಯೆದ್ದು ಪೂರ್ತಿ ಕರಗಬೇಕು. ನೊರೆಯೇನೋ ಎದ್ದಿತು. ಆದರೆ ನೊರೆ ಅಡಗಿ, ಮತ್ತೆ ಆಸಿಡ್ ಹಾಕಿದರೂ ಗುಳ್ಳೆ ಏಳದಂತಾದ ಮೇಲೆ ನೋಡಿದರೆ, ಅರ್ಧ ಚಮಚಕ್ಕೂ ಮಿಕ್ಕಿ ಹೊಳೆಯುವ ಬಿಳಿ ಬೆಣಚು ಹಾಗೆಯೇ ಕುಳಿತಿತ್ತು. ಯಾವುದೋ ಸುಣ್ಣಕಲ್ಲಿನ ಪುಡಿಗೆ ಬಿಳಿ ಮರಳನ್ನು ಬೆರೆಸಿ ಹವಳವೆಂದು ಮಾರುತ್ತಿದ್ದರು. ಈ ಪರೀಕ್ಷೆಯನ್ನು ಯಾರಾದರೂ ಮಾಡುವುದಾದರೆ ಬಯಲಿನಲ್ಲಿಯೇ ಮಾಡಬೇಕು, ಆಸಿಡ್ಡಿನ ಹೊಗೆಗೆ ಮುಖ ಒಡ್ಡಬಾರದು. ಸುಣ್ಣದ ಅಂಶ ಇದೆಯೇ ಇಲ್ಲವೇ ಎಂದು ತಿಳಿಯಲು ಮಾತ್ರ ಸಾಕೆಂದರೆ ವಿನೆಗರ್ ಅಥವಾ ನಿಂಬೆರಸವೇ ಸಾಕು, ಗುಳ್ಳೆ ಸಣ್ಣದಾಗಿ ಏಳುತ್ತದೆ.

ವಿಚಿತ್ರವೆಂದರೆ, ಆ ಲೋಟದಲ್ಲಿ ಉಳಿದಿದ್ದ ಬೆಣಚೇ ನನ್ನ ಆಲೋಚನೆಯ ದಿಕ್ಕನ್ನು ಬದಲಿಸಿತು. ಆಸಿಡ್ಡಿಗೂ ಕರಗದ ಈ ಕಲ್ಲು ಉಪ್ಪುನೀರಿನಲ್ಲಿ ಕರಗಿ ಏನು ಕೆಡುಕು ಮಾಡೀತು? ಹಾಗೆಯೇ, ಆಸಿಡ್ಡಿಗೆ ಇಷ್ಟು ಸುಲಭವಾಗಿ ಕರಗುವ ಅರಾಗೊನೈಟ್ ತೊಟ್ಟಿಯ ನೀರಿನಲ್ಲಿ ನಿಜವಾಗಿಯೂ ಕರಗುತ್ತದೆಯೇ? ಓದುತ್ತ ಹೋದಾಗ ತಿಳಿದದ್ದು ಇಷ್ಟು. ಸಮುದ್ರದ ಮೇಲ್ಪದರದ ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಕಾರ್ಬೊನೇಟ್ ಈಗಾಗಲೇ ತುಂಬಿ ತುಳುಕುವಷ್ಟು ಇರುತ್ತವೆ. ಪಿಎಚ್ 8ರ ಮೇಲಿರುವವರೆಗೆ ಅರಾಗೊನೈಟ್ ಅದರಲ್ಲಿ ಕರಗುವುದೇ ಇಲ್ಲವೆನ್ನಬಹುದು. ಮರಳಿನ ಪದರದ ಒಳಗೆ, ಪಿಎಚ್ ಬಹಳ ಕೆಳಗಿಳಿದ ಕಡೆ, ಒಂದಿಷ್ಟು ಕರಗಬಹುದು. ತೊಟ್ಟಿಯ ಪಿಎಚ್ ಕಾಯುವ ಕೆಲಸವನ್ನು ಮುಖ್ಯವಾಗಿ ಮಾಡುವುದು ಉಪ್ಪಿನ ಮಿಶ್ರಣದಲ್ಲಿಯೇ ಇರುವ ಕ್ಷಾರ ಮತ್ತು ಕಾಲಕಾಲಕ್ಕೆ ಬದಲಿಸುವ ನೀರು. ಹವಳ ಬೆಳೆಸದೆ, ಎರಡು ಮೂರು ಮೀನುಗಳನ್ನಷ್ಟೇ ಸಾಕುವ ನನ್ನಂಥವನು ಪಿಎಚ್‌ಗೆಂದು ಮರಳಿನ ಮೇಲೆ 5,600 ಸುರಿಯುವುದರಲ್ಲಿ ಅರ್ಥವಿರಲಿಲ್ಲ.

ಹಾಗಿದ್ದರೆ ಮರಳಿನಲ್ಲಿ ನೋಡಬೇಕಾದದ್ದು ಏನು? ಕಾಳಿನ ಗಾತ್ರ. ಇದನ್ನು ನನಗೆ ಯಾರೂ ಒತ್ತಿ ಹೇಳಿರಲಿಲ್ಲ. ನೀರು ಶುದ್ಧೀಕರಣ ಘಟಕಗಳಿಗೆ ಸಾಮಗ್ರಿ ಮಾರುವ ಅಂಗಡಿ ನಮ್ಮೂರಿನಲ್ಲಿಯೇ ಇದೆ. ಅಲ್ಲಿ ಫಿಲ್ಟರಿಗೆ ತುಂಬುವ ಬೆಣಚು ಮರಳನ್ನು ಜರಡಿ ಹಿಡಿದು, ಗಾತ್ರದ ಪ್ರಕಾರ ಬೇರೆ ಬೇರೆ ಚೀಲಗಳಲ್ಲಿ ತುಂಬಿಟ್ಟಿರುತ್ತಾರೆ. 25 ಕಿಲೋ ಚೀಲಕ್ಕೆ 350 ರೂಪಾಯಿ. ಅರ್ಧ ಮಿಲಿಮೀಟರ್ ಆಸುಪಾಸಿನದು, 1ರಿಂದ 2 ಮಿಲಿಮೀಟರಿನದು, 3 ಮಿಲಿಮೀಟರಿಗಿಂತ ದಪ್ಪನೆಯದು ಎಂದು ಮೂರು ಬಗೆಯಿಂದಲೂ ಎರಡೆರಡು ಕಿಲೋ ತಂದು, ಮಹಡಿಯ ಮೇಲೆ ಬಟ್ಟೆ ನೆನೆಸುವ ಟಬ್ಬಿನಲ್ಲಿ ಒಂದೊಂದನ್ನೇ ಹರಡಿ, ಬರಿಯ ನೀರು ತುಂಬಿ ವೇವ್‌ಮೇಕರ್ ಹಚ್ಚಿ ನೋಡಿದೆ. ಸಣ್ಣ ಮರಳು ಹತ್ತು ನಿಮಿಷದೊಳಗೆ ಒಂದು ಮೂಲೆಗೆ ಹೋಗಿ ದಿಬ್ಬವಾಗಿ, ಟಬ್ಬಿನ ತಳ ಬರಿದಾಗಿ ಕಾಣಿಸಿತು. ದಪ್ಪ ಮರಳು ಅಲುಗಲಿಲ್ಲ. ಆದರೆ ಅದರ ಮೇಲೆ ಒಂದು ಚಿಟಿಕೆ ಮೀನಿನ ಆಹಾರ ಉದುರಿಸಿದಾಗ, ಅದು ಕಾಳುಗಳ ಸಂದಿಯಲ್ಲಿ ಇಳಿದು ಮಾಯವಾಗಿ, ಮೂರನೆಯ ದಿನ ಟಬ್ಬು ನಾರತೊಡಗಿತು. ನಡುವಿನದು ಮಾತ್ರ ಅಲೆಗೆ ಸ್ವಲ್ಪ ಮಿಸುಕಿದರೂ ಜಾಗ ಬಿಡಲಿಲ್ಲ, ಆಹಾರವನ್ನು ಮೇಲೆಯೇ ಉಳಿಸಿಕೊಂಡಿತು. ಒಂದೂವರೆ ಮಿಲಿಮೀಟರ್ ಎಂದರೆ ಹೆಚ್ಚುಕಡಿಮೆ ಬನ್ಸಿ ರವೆಯ ಕಾಳು. ನನ್ನ ಹೆಂಡತಿ ಅದನ್ನು ಬೆರಳಿನಲ್ಲಿ ಉಜ್ಜಿ ನೋಡಿ, "ಉಪ್ಪಿಟ್ಟಿಗೆ ಸರಿ ಇದೆ ಕಣ್ರೀ," ಎಂದಳು.

ಗುಂಡಿ ತೋಡಿ ಮಲಗುವ ರಾಸ್ ಮೀನು ಸಾಕುವವರಿಗೆ ಈ ಲೆಕ್ಕ ಬೇರೆ, ಅವರಿಗೆ ಸಣ್ಣ ಮರಳೇ ಬೇಕು. ಪದರದ ದಪ್ಪವನ್ನು 4 ಸೆಂಟಿಮೀಟರಿಗೆ ನಿಲ್ಲಿಸಿದ್ದಕ್ಕೂ ಕಾರಣವಿದೆ. ಪದರ ಬಹಳ ದಪ್ಪವಾದರೆ ತಳದಲ್ಲಿ ಆಮ್ಲಜನಕವಿಲ್ಲದೆ ಕೊಳೆತ ಮೊಟ್ಟೆಯ ವಾಸನೆಯ ಅನಿಲ ಕೂಡಬಹುದು. ತೆಳುವಾಗಿದ್ದರೆ ಪ್ರತಿ ಬಾರಿ ನೀರು ಬದಲಿಸುವಾಗ ಕೊಳವೆಯಿಂದ ಮರಳನ್ನು ಕಲಕಿ ಕಸ ಎಳೆಯಬಹುದು. ಒಂದು ಚೀಲವನ್ನು ಒಂದು ಭಾನುವಾರವಿಡೀ ತೊಳೆದು, ಕೊನೆಯ ಎರಡು ಬಾರಿ ಆರ್‌ಓ ನೀರಿನಲ್ಲಿ ಜಾಲಿಸಿ ತೊಟ್ಟಿಗೆ ಹಾಸಿದೆ. ಮರಳಿನ ಲೆಕ್ಕ ಮಾದರಿಗಳೂ ಸೇರಿ 450 ರೂಪಾಯಿಗೆ ಮುಗಿಯಿತು. ಮೂರು ವಾರ ಹಿಡಿದಿತ್ತು.

ಉಳಿದ ನೀರಿನ ಕೆಲಸಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ನಮ್ಮ ಬಡಾವಣೆಗೆ ಬರುವುದು ಬುಗುಡನಹಳ್ಳಿ ಕೆರೆಯ ಹೇಮಾವತಿ ನೀರು. ಅದು ಬಾರದ ದಿನ ಬೋರ್ ನೀರು. ಎರಡನ್ನೂ ನಂಬದೆ ಆರ್‌ಓ ನೀರಿಗೇ ಲೀಟರಿಗೆ 36 ಗ್ರಾಂನಂತೆ ಮಿಶ್ರಣದ ಉಪ್ಪು ಕಲಸಿ, ಸಾಪೇಕ್ಷ ಸಾಂದ್ರತೆ 1.025 ಬರುವವರೆಗೆ ನೋಡಿ ತುಂಬಿದೆ. ಸಂಪಿನದೂ ಸೇರಿ ಒಟ್ಟು ಸುಮಾರು 150 ಲೀಟರ್. ಅಮೋನಿಯಾ ನೈಟ್ರೈಟ್ ಆಗಿ, ನೈಟ್ರೈಟ್ ನೈಟ್ರೇಟ್ ಆಗುವ ಬ್ಯಾಕ್ಟೀರಿಯಾದ ಚಕ್ರ ನೆಲೆಗೊಳ್ಳಲು ಐದೂವರೆ ವಾರ ಬೇಕಾಯಿತು. ಅದರ ನಡುವೆ ಮರಳಿನ ಮೇಲೆ ಕಂದು ಬಣ್ಣದ ಲೋಳೆ ಕಟ್ಟಿದಾಗ, ನಮ್ಮಮ್ಮ "ಮರಳಿಗೆ ತುಕ್ಕು ಹಿಡಿದಿದೆ ನೋಡೋ," ಎಂದರು. ಅದು ಡಯಾಟಮ್ ಎಂಬ ಪಾಚಿ, ಬೆಳೆಯಲು ಸಿಲಿಕೇಟ್ ಬೇಕು. ಸಿಲಿಕಾದ್ದೇ ಆದ ಬೆಣಚು ಮರಳು ಹಾಕಿದ್ದರಿಂದಲೇ ಬಂತೇನೋ ಎಂದು ಎರಡು ರಾತ್ರಿ ನಿದ್ದೆ ಬರಲಿಲ್ಲ. ಆದರೆ ಬೆಂಗಳೂರಿನ ಸ್ನೇಹಿತರೊಬ್ಬರ ಹೊಸ ತೊಟ್ಟಿಯಲ್ಲಿ, ದುಬಾರಿ ಅರಾಗೊನೈಟಿನ ಮೇಲೂ ಅದೇ ಲೋಳೆ ಇತ್ತು. ಹೊಸ ತೊಟ್ಟಿಗಳಿಗೆ ಅದೊಂದು ಬಾಲ್ಯದ ಕಾಯಿಲೆ. ನನ್ನದರಲ್ಲಿ ಐದು ವಾರಕ್ಕೆ ತಾನಾಗಿ ಹೋಯಿತು.

ಈಗ ಸ್ಕಿಮ್ಮರ್. ಇದರ ಕೆಲಸವನ್ನು ನಾನು ಅಮ್ಮನಿಗೆ ವಿವರಿಸಿದ್ದು ಆಲೆಮನೆಯ ಮೂಲಕ. ಕುಣಿಗಲ್ ಕಡೆಯ ನಮ್ಮ ಅಜ್ಜಿಯ ಊರಿನಲ್ಲಿ, ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಬೆಂಡೆ ಗಿಡದ ಲೋಳೆ ಹಾಕಿ, ಕೊಳೆಯೆಲ್ಲ ನೊರೆಯೊಂದಿಗೆ ಮೇಲೆ ಬಂದಾಗ ಜಾಲರಿಯಿಂದ ಬಾಚಿ ತೆಗೆಯುತ್ತಿದ್ದರು. ಸ್ಕಿಮ್ಮರ್ ಮಾಡುವುದೂ ಹೆಚ್ಚುಕಡಿಮೆ ಅದನ್ನೇ, ಬೆಂಕಿಯಿಲ್ಲದೆ, ಬರಿಯ ಗಾಳಿಯಿಂದ. ಮೀನಿನ ಹೊಲಸು ಮತ್ತು ಉಳಿದ ಆಹಾರದಿಂದ ನೀರಿಗೆ ಸೇರುವ ಪ್ರೋಟೀನಿನಂಥ ಅಣುಗಳಿಗೆ ನೀರನ್ನು ಬಯಸುವ ಒಂದು ಭಾಗವೂ ನೀರನ್ನು ಒಲ್ಲದ ಒಂದು ಭಾಗವೂ ಇರುತ್ತವೆ. ಒಲ್ಲದ ಭಾಗ ಗಾಳಿಯ ಗುಳ್ಳೆಗೆ ಮುಖಮಾಡಿ ಅಂಟಿಕೊಳ್ಳುತ್ತದೆ. ಲಕ್ಷಾಂತರ ಸಣ್ಣ ಗುಳ್ಳೆಗಳು ಒಟ್ಟಾಗಿ ಮೇಲೆದ್ದು, ಕಿರಿದಾದ ಕತ್ತಿನಲ್ಲಿ ಗಟ್ಟಿ ನೊರೆಯಾಗಿ ಏರಿ, ಮೇಲಿನ ಬಟ್ಟಲಿಗೆ ಬಿದ್ದು ಕಂದು ನೀರಾಗುತ್ತವೆ. ಕೊಳೆತು ಅಮೋನಿಯಾ ಆಗುವ ಮೊದಲೇ ಹೊಲಸನ್ನು ಹೊರಹಾಕುವುದೇ ಇದರ ಹೆಚ್ಚುಗಾರಿಕೆ. ಆಗಲೇ ಅಮೋನಿಯಾ ಅಥವಾ ನೈಟ್ರೇಟ್ ಆಗಿಬಿಟ್ಟದ್ದನ್ನು ಇದು ತೆಗೆಯಲಾರದು. "ಬೇಳೆ ನೊರೆ ನಾನು ಸೌಟಲ್ಲೇ ತೆಗೀತೀನಲ್ಲೋ," ಎಂದರು ಅಮ್ಮ. ಅದೂ ನಿಜವೇ.

ಕೈಯಲ್ಲಿ 8,500 ಇದ್ದರೂ, ಮರಳಿನಲ್ಲಿ ಉಳಿಸಿದ ಹುರುಪಿನಲ್ಲಿ ಸ್ಕಿಮ್ಮರನ್ನು ನಾನೇ ಮಾಡಿ ನೋಡೋಣವೆನ್ನಿಸಿತು. ಎರಡು ಲೀಟರಿನ ತಂಪುಪಾನೀಯದ ಬಾಟಲಿ, ಪಿವಿಸಿ ಕೊಳವೆ, ಹಳೆಯ ಏರ್ ಪಂಪು, ಗಾಳಿಯನ್ನು ಗುಳ್ಳೆಗಳಾಗಿ ಬಿಡುವ ನೀಲಿ ಬಣ್ಣದ ಮಾಮೂಲಿ ಏರ್ ಸ್ಟೋನ್. ಬಕೆಟ್ಟಿನಲ್ಲಿ ನಲ್ಲಿಯ ನೀರು ತುಂಬಿ ಹಚ್ಚಿದಾಗ ಬಟಾಣಿ ಗಾತ್ರದ ಗುಳ್ಳೆಗಳು ಬುಳುಬುಳು ಎದ್ದು ಒಡೆದುಹೋದವು. ಅದೇ ಬಕೆಟ್ಟಿಗೆ ಉಪ್ಪು ಕಲಸಿದೆ. ಕಣ್ಣೆದುರಿಗೇ ಗುಳ್ಳೆಗಳು ಸಣ್ಣದಾಗುತ್ತ, ಸಣ್ಣದಾಗುತ್ತ, ಬಾಟಲಿಯೊಳಗಿನ ನೀರು ಮಜ್ಜಿಗೆಯಂತೆ ಮಬ್ಬಾಯಿತು. ಸಿಹಿನೀರಿನಲ್ಲಿ ಗುಳ್ಳೆಗಳು ಒಂದಕ್ಕೊಂದು ಸೇರಿ ದೊಡ್ಡದಾಗುತ್ತವೆ. ಉಪ್ಪಿನ ಅಂಶ ಆ ಸೇರುವಿಕೆಯನ್ನು ತಡೆಯುತ್ತದೆ. ಸಿಹಿನೀರಿನ ತೊಟ್ಟಿಗೆ ಸ್ಕಿಮ್ಮರ್ ಏಕೆ ಹಾಕುವುದಿಲ್ಲವೆಂಬುದು ಹನ್ನೆರಡು ವರ್ಷಗಳ ಬಳಿಕ ಆ ಬಕೆಟ್ಟಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತಾಗ ಅರ್ಥವಾಯಿತು. ಆದರೂ ನನ್ನ ಬಾಟಲಿ ಯಂತ್ರ ಕೆಲಸಕ್ಕೆ ಬರಲಿಲ್ಲ. ಇಂಥವಕ್ಕೆ ಮರದ ಏರ್ ಸ್ಟೋನ್ ಬೇಕು, ಅದು ಇಲ್ಲಿ ಸಿಗುವುದಿಲ್ಲ. ಸಿಕ್ಕರೂ ಕೆಲವೇ ವಾರಗಳಲ್ಲಿ ಅದರ ರಂಧ್ರ ಮುಚ್ಚಿಕೊಂಡು ಬದಲಿಸುತ್ತಲೇ ಇರಬೇಕಾಗುತ್ತದೆ.

ಮಾರ್ಚ್ ಮೊದಲ ಶನಿವಾರ ಅಳತೆ ಟೇಪು ಹಿಡಿದು ಬೆಂಗಳೂರಿಗೆ ರೈಲು ಹತ್ತಿದೆ. ಅಂಗಡಿಯಲ್ಲಿ ನನ್ನ ಹಣಕ್ಕೆ ಎಟಕುವಂಥವು ಮೂರಿದ್ದವು. ಒಂದು, ತೊಟ್ಟಿಯ ಹಿಂಬದಿಗೆ ನೇತುಹಾಕುವಂಥದ್ದು, 4,200 ರೂಪಾಯಿ. ಸಂಪು ಇಲ್ಲದವರಿಗೆ ಅದೇ ದಾರಿ, ನನಗೆ ಬೇಕಿರಲಿಲ್ಲ. ಇನ್ನೊಂದು ಸಂಪಿನೊಳಗೆ ಇಡುವುದು, 5,000. ಡಬ್ಬಿಯ ಮೇಲೆ 400 ಲೀಟರ್ ತೊಟ್ಟಿಗೆ ಸಾಕೆಂದು ಅಚ್ಚಾಗಿತ್ತು. ಮೂರನೆಯದೂ ಸಂಪಿನದೇ, ಪಂಪಿನ ಚಕ್ರಕ್ಕೆ ರೆಕ್ಕೆಗಳ ಬದಲು ಸೂಜಿಗಳಂಥ ಕಡ್ಡಿಗಳಿರುವುದು, 8,300; ಅದರ ಮೇಲೆ 300 ಲೀಟರ್ ಎಂದಷ್ಟೇ ಇತ್ತು. ಸುಮ್ಮನೆ ಡಬ್ಬಿ ಓದುವವನು ಎರಡನೆಯದನ್ನೇ ಕೊಳ್ಳುತ್ತಾನೆ. ನಾನೂ ಕೊಳ್ಳುವವನಿದ್ದೆ. ಆದರೆ ಎರಡನ್ನೂ ಉಪ್ಪುನೀರಿನ ಟಬ್ಬಿನಲ್ಲಿ ಓಡಿಸಿ ತೋರಿಸಿರೆಂದು ಕೇಳಿಕೊಂಡೆ. 400 ಲೀಟರಿನದರ ದೇಹದ ವ್ಯಾಸ ನನ್ನ ಅಂಗೈಯಷ್ಟಿತ್ತು, ಒಳಗಿನ ನೀರಿನ ಆಚೆಗೆ ಗೋಡೆಯ ಕ್ಯಾಲೆಂಡರು ಕಾಣಿಸುತ್ತಿತ್ತು. 300 ಲೀಟರಿನದರಲ್ಲಿ ಗುಳ್ಳೆ ಎಷ್ಟು ದಟ್ಟವಾಗಿತ್ತೆಂದರೆ ಆಚೆಗೆ ಏನೂ ಕಾಣಿಸಲಿಲ್ಲ. ಗಾಳಿ ಎಳೆಯುವ ಕೊಳವೆಯ ಬಾಯಿಗೆ ಬೆರಳಿಟ್ಟಾಗ ಎರಡರ ಸೆಳೆತದಲ್ಲಿಯೂ ಅಷ್ಟೇ ವ್ಯತ್ಯಾಸವಿತ್ತು. ಡಬ್ಬಿಯ ಮೇಲಿನ ಲೀಟರ್ ಲೆಕ್ಕವನ್ನು ಅರ್ಧಕ್ಕಿಳಿಸಿ ಓದಬೇಕೆಂದು ಅನುಭವಿಗಳು ಹೇಳುತ್ತಾರೆ. ಹಾಗೆ ಓದಿದರೆ 300 ಎಂದರೆ ನನ್ನ 150ಕ್ಕೆ ಸರಿಹೊಂದುತ್ತದೆ.

"ಚಕ್ರ ಬೇರೆ ಸಿಗುತ್ತೇನಪ್ಪಾ?" ಎಂದು ಕೇಳಿದೆ. ಎರಡನೆಯದನ್ನು ತೋರಿಸಿ ಹುಡುಗ, "ಇದು ಕೆಟ್ರೆ ಹೊಸದೇ ತಗೋಬೇಕು ಸಾರ್. ಅದಕ್ಕಾದ್ರೆ ಇಂಪೆಲ್ಲರ್ ಸಿಗುತ್ತೆ," ಎಂದ. ಅಲ್ಲಿಗೆ ತೀರ್ಮಾನವಾಯಿತು. ಹಗಲೂ ರಾತ್ರಿ ಓಡುವ ಯಂತ್ರದಲ್ಲಿ ಸವೆಯುವುದು ಆ ಚಕ್ರವೇ. ಪಂಪು 12 ವಾಟಿನದು, ತಿಂಗಳಿಗೆ ಒಂಬತ್ತು ಯೂನಿಟ್ಟಿನೊಳಗೆ. ಮರಳಿನಲ್ಲಿ ಉಳಿದ ಹಣ ಹೀಗೆ ಸ್ಕಿಮ್ಮರಿನ ಪಂಪಿಗೆ ಹೋಯಿತು. ಅದಕ್ಕಾಗಿ ಇವತ್ತಿಗೂ ನನಗೆ ಬೇಸರವಿಲ್ಲ.

ಆದರೆ ಕೊಂಡದ್ದು ಸರಿಯಾಗಿದ್ದರೂ ಇಟ್ಟದ್ದು ತಪ್ಪಾಗಿತ್ತು. ನನ್ನ ಸಂಪಿನಲ್ಲಿ ಎರಡು ಕೋಣೆಗಳಿವೆ. ಮೇಲಿನಿಂದ ಇಳಿಯುವ ನೀರು ಮೊದಲನೆಯದಕ್ಕೆ ಬಂದು, ನಡುವಿನ 20 ಸೆಂಟಿಮೀಟರ್ ಎತ್ತರದ ಗಾಜಿನ ತಡೆಯನ್ನು ದಾಟಿ ಎರಡನೆಯದಕ್ಕೆ ಬಿದ್ದು, ಅಲ್ಲಿಂದ ಪಂಪಿನ ಮೂಲಕ ಮೇಲಕ್ಕೆ ಹೋಗುತ್ತದೆ. ಕೈಗೆ ಸುಲಭವಾಗಿ ಸಿಗುತ್ತದೆಂದು ನಾನು ಸ್ಕಿಮ್ಮರನ್ನು ಪಂಪಿನ ಕೋಣೆಯಲ್ಲಿಯೇ ಇಟ್ಟೆ. ಮೊದಲ ಒಂಬತ್ತು ದಿನ ಬಟ್ಟಲಿಗೆ ಒಂದು ಹನಿಯೂ ಬೀಳಲಿಲ್ಲ. ಹೊಸ ಪ್ಲಾಸ್ಟಿಕ್ಕಿನ ಮೇಲಿನ ಜಿಡ್ಡು ಹೋಗುವವರೆಗೆ, ಒಂದೆರಡು ವಾರ, ಹಾಗೆಯೇ ಇರುತ್ತದೆಂದು ತಿಳಿದಿದ್ದರಿಂದ ಕಾದೆ. ಆಮೇಲೆ ಶುರುವಾದದ್ದು ಬೇರೆಯೇ ಆಟ. ಬೆಳಿಗ್ಗೆ ಆವಿಯಾದಷ್ಟು ಆರ್‌ಓ ನೀರು ತುಂಬಿಸಿದ ಕೂಡಲೇ ನೊರೆ ಉಕ್ಕಿ ಬಟ್ಟಲು ತಿಳಿನೀರಿನಿಂದ ತುಂಬುವುದು. ಸಂಜೆ ಮಂಡಿಯಿಂದ ಬರುವಷ್ಟರಲ್ಲಿ ನೊರೆ ಕತ್ತಿನ ಕೆಳಗೆಲ್ಲೋ ಇಳಿದು ಬಟ್ಟಲು ಒಣಗಿರುವುದು. ನೋಟ್‌ಬುಕ್ಕಿನಲ್ಲಿ ಬೆಳಿಗ್ಗೆ, ಸಂಜೆ ನೀರಿನ ಮಟ್ಟ ಬರೆಯತೊಡಗಿದ ಮೇಲೆ ಗುಟ್ಟು ಬಯಲಾಯಿತು. ಬೇಸಿಗೆಯ ಬಿಸಿಗೆ ತೊಟ್ಟಿಯನ್ನು 27 ಡಿಗ್ರಿಯ ಹತ್ತಿರ ಉಳಿಸಿಕೊಳ್ಳಲು ಮೇಲೊಂದು ಫ್ಯಾನ್ ಹಾಕಿದ್ದೆ. ದಿನಕ್ಕೆ ಎರಡು ಲೀಟರ್ ನೀರು ಆವಿಯಾಗುತ್ತಿತ್ತು. ಆ ಕೊರತೆಯೆಲ್ಲ ಕಾಣಿಸುವುದು ಪಂಪಿನ ಕೋಣೆಯಲ್ಲಿ ಮಾತ್ರ. 30ಕ್ಕೆ 25 ಸೆಂಟಿಮೀಟರಿನ ಆ ಸಣ್ಣ ಕೋಣೆಯಲ್ಲಿ ಎರಡು ಲೀಟರ್ ಎಂದರೆ ಎರಡೂವರೆ ಸೆಂಟಿಮೀಟರಿಗಿಂತ ಹೆಚ್ಚಿನ ಇಳಿತ. ಸ್ಕಿಮ್ಮರಿಗೆ ಒಂದು ಸೆಂಟಿಮೀಟರಿನ ಏರಿಳಿತವೇ ಹೆಚ್ಚು. ಮೊದಲ ಕೋಣೆಗೆ ವರ್ಗಾಯಿಸಿದೆ. ಅಲ್ಲಿ ಗಾಜಿನ ತಡೆ ಇರುವವರೆಗೆ ನೀರು ಸದಾ 20 ಸೆಂಟಿಮೀಟರಿಗೇ ನಿಂತಿರುತ್ತದೆ. ಮರುದಿನ ಬೆಳಿಗ್ಗೆ ಬಟ್ಟಲಿನಲ್ಲಿ ಎರಡು ಬೆರಳಿನಷ್ಟು ಟೀ ಬಣ್ಣದ ನೀರು.

ಏಪ್ರಿಲ್ ಮಧ್ಯದಲ್ಲಿ ಎರಡು ಕ್ಲೌನ್ ಮೀನು ತಂದೆ. ಕಡಲಿನಿಂದ ಹಿಡಿದವಲ್ಲ, ತೊಟ್ಟಿಯಲ್ಲಿಯೇ ಮರಿಮಾಡಿಸಿದವು. ಈ ಮೀನಿನ ಮರಿ ಮಾಡಿಸುವ ವಿಧಾನವನ್ನು ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯೂ ರೂಪಿಸಿದೆ. ಮೀನು ಬಂದ ಮೂರನೆಯ ದಿನ ನೊರೆ ಇದ್ದಕ್ಕಿದ್ದಂತೆ ಕುಸಿದು, ಸಂಜೆಯವರೆಗೆ ಏಳಲೇ ಇಲ್ಲ. ಪಂಪು ಬಿಚ್ಚಿ ನೋಡಿದೆ, ಗಾಳಿಯ ಕೊಳವೆ ಊದಿ ನೋಡಿದೆ, ಎಲ್ಲವೂ ಸರಿಯಿತ್ತು. ಮರುದಿನ ಮತ್ತೆ ಹಾಗೆಯೇ ಆದಾಗ ಕಾರಣ ಹೊಳೆಯಿತು. ಬೆಳಿಗ್ಗೆ ಮಗಳಿಗೆ ಎಣ್ಣೆ ಹಚ್ಚಿ ಜಡೆ ಹೆಣೆದ ಕೈಯಲ್ಲಿಯೇ ನನ್ನ ಹೆಂಡತಿ ಮೀನಿಗೆ ಆಹಾರ ಹಾಕಿ, ತಳಕ್ಕೆ ಬಿದ್ದದ್ದನ್ನು ಕೈಯಿಂದ ಎತ್ತುತ್ತಿದ್ದಳು. ಒಂದೆರಡು ಹನಿ ಕೊಬ್ಬರಿ ಎಣ್ಣೆ ಸಾಕು, ನೊರೆ ನಿಲ್ಲದು. ಈಗ ತೊಟ್ಟಿಯ ಪಕ್ಕದಲ್ಲಿ ಒಂದು ಚಿಮಟ ನೇತಾಡುತ್ತಿದೆ.

ಎಣ್ಣೆಯ ತೊಂದರೆ ಚಿಮಟದಿಂದ ತೀರಿತು. ಕರೆಂಟಿನದು ಅಷ್ಟು ಸುಲಭವಾಗಿ ತೀರಲಿಲ್ಲ. ಏಪ್ರಿಲ್ ಕೊನೆಯ ಒಂದು ಸಂಜೆ ಗುಡುಗು ಮಳೆ ಬಂದು ಮುಕ್ಕಾಲು ಗಂಟೆ ಕರೆಂಟು ಹೋಯಿತು. ಪಂಪು ನಿಂತರೆ ಮೇಲಿನ ತೊಟ್ಟಿಯಿಂದ ಹತ್ತು ಲೀಟರಿನಷ್ಟು ನೀರು ಸಂಪಿಗೆ ಇಳಿಯುತ್ತದೆ, ಅದಕ್ಕೆ ಜಾಗ ಬಿಟ್ಟಿದ್ದೆ. ಮರೆತದ್ದು ಒಂದೇ: ಆಗ ಸ್ಕಿಮ್ಮರ್ ನಿಂತಿರುವ ನೀರೂ ಗಾಜಿನ ತಡೆಯನ್ನು ಮೀರಿ ನಾಲ್ಕೈದು ಸೆಂಟಿಮೀಟರ್ ಏರಿರುತ್ತದೆ. ಕರೆಂಟು ಬಂದಾಗ ಎರಡೂ ಪಂಪುಗಳು ಒಟ್ಟಿಗೆ ಶುರುವಾದವು. ಮೇಲಕ್ಕೆ ಎತ್ತುವ ಪಂಪು ಮಟ್ಟವನ್ನು ಇಳಿಸುವುದರೊಳಗೆ ಸ್ಕಿಮ್ಮರ್ ಬಟ್ಟಲು ತುಂಬಿಸಿ, ಹೊರಚೆಲ್ಲಿ, ಐದು ದಿನದ ಹೊಲಸನ್ನೂ ಸೇರಿಸಿ ಸಂಪಿಗೂ ನಡುಮನೆಯ ನೆಲಕ್ಕೂ ಹರಿಸಿತು. ಹಳಸಿದ ಮೀನುಸಾರು ಮತ್ತು ಕೆರೆಯ ಕೆಸರು ಎರಡನ್ನೂ ಬೆರೆಸಿದಂಥ ಆ ವಾಸನೆ ಎರಡು ದಿನ ಹೋಗಲಿಲ್ಲ. ಅಮ್ಮ ಊಟದ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋಗಿ ಕುಳಿತರು.

ಇದಕ್ಕೆಂದೇ ಮಾಡಿದ ಕಂಟ್ರೋಲರಿನ ಬೆಲೆ ನನ್ನ ಪಟ್ಟಿಯಲ್ಲಿರಲಿಲ್ಲ. ಪರಿಹಾರ ಅಟ್ಟದ ಮೇಲಿತ್ತು. ಹಳೆಯ ಫ್ರಿಜ್ಜಿನ ಜೊತೆ ಬಂದಿದ್ದ ಸ್ಟೆಬಿಲೈಸರ್, ಕರೆಂಟು ಬಂದ ಮೇಲೆ ಸುಮಾರು ಮೂರು ನಿಮಿಷ ಕಾದು ಆಮೇಲಷ್ಟೇ ವಿದ್ಯುತ್ತನ್ನು ಮುಂದಕ್ಕೆ ಬಿಡುತ್ತದೆ; ಫ್ರಿಜ್ಜಿನ ಕಂಪ್ರೆಸರನ್ನು ಉಳಿಸಲು ಮಾಡಿದ ಏರ್ಪಾಡು ಅದು. ಅದನ್ನು ಒರೆಸಿ ಇಳಿಸಿ, ಸ್ಕಿಮ್ಮರ್ ಪಂಪನ್ನು ಅದರ ಮೂಲಕ ಜೋಡಿಸಿದೆ. ಈಗ ಕರೆಂಟು ಬಂದ ಕೂಡಲೇ ನೀರು ಎತ್ತುವ ಪಂಪು ಶುರುವಾಗಿ ಸಂಪಿನ ಮಟ್ಟವನ್ನು ತನ್ನ ಜಾಗಕ್ಕೆ ತರುತ್ತದೆ, ಆಮೇಲೆ ಟಕ್ಕೆಂಬ ಸದ್ದಿನೊಂದಿಗೆ ಸ್ಕಿಮ್ಮರ್ ಎಚ್ಚರವಾಗುತ್ತದೆ. ಮೇ ತಿಂಗಳಲ್ಲಿ ಹನ್ನೊಂದು ಸಲ ಕರೆಂಟು ಹೋಯಿತೆಂದು ನೋಟ್‌ಬುಕ್ಕಿನಲ್ಲಿದೆ. ಒಂದು ಸಲವೂ ಚೆಲ್ಲಲಿಲ್ಲ.

ಬಟ್ಟಲನ್ನು ಮೂರು ದಿನಕ್ಕೊಮ್ಮೆ ಬಚ್ಚಲಿಗೆ ಸುರಿಯುತ್ತೇನೆ. ಗೊಬ್ಬರದಂತಿದೆಯಲ್ಲಾ ಎಂದು ಅಮ್ಮ ಅದನ್ನು ಕರಿಬೇವಿನ ಬುಡಕ್ಕೆ ಒಯ್ಯುತ್ತಿದ್ದರು; ಅದರಲ್ಲಿರುವುದು ಸಮುದ್ರದಷ್ಟೇ ಉಪ್ಪು ಎಂದು ತಡೆದೆ. ಎರಡು ವಾರಕ್ಕೊಮ್ಮೆ ಮರಳನ್ನು ಕೊಳವೆಯಿಂದ ಎಳೆದು 15 ಲೀಟರ್ ನೀರು ಬದಲಿಸುತ್ತೇನೆ. ಈ ಭಾನುವಾರ ಸ್ಕಿಮ್ಮರ್ ಪಂಪು ಬಿಚ್ಚಿ, ಗಾಳಿಯ ರಂಧ್ರದಲ್ಲಿ ಕಟ್ಟಿದ್ದ ಉಪ್ಪಿನ ಗಂಟು ಕರಗಲೆಂದು ವಿನೆಗರಿನಲ್ಲಿ ನೆನೆಹಾಕಿದ್ದೇನೆ. ಚಕ್ರದ ಸೂಜಿಗಳಲ್ಲಿ ಎರಡು ಮುರಿದಿವೆ. ಬೆಂಗಳೂರಿನಿಂದ ತರಿಸಿದ ಹೊಸ ಚಕ್ರ, 650 ರೂಪಾಯಿಯದು, ಮೇಜಿನ ಮೇಲೆ ಪೊಟ್ಟಣದಲ್ಲಿದೆ.